ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ಹಬ್ಬಕ್ಕೆ ತಾಮ್ರದ ಚೊಂಬು ಬೆಳಗುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿನದು. ಈ ಸಂಕ್ರಾಂತಿಗೆ ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜುತ್ತಿದ್ದಾಗ ಆ ಹುಳಿ ಹುಳಿ ಲೋಹದ ವಾಸನೆ ಮೂಗಿಗೆ ಹೊಡೆಯಿತು. ಅದರ ಬೆನ್ನಿಗೇ ಪಕ್ಕದ ಮನೆಯ ಅಂಕಲ್ ಬಂದು ನಿಂತರು, ಕರೆಯದೆ, ಕೋಪದಲ್ಲಿ, ಬದುಕಿದ್ದಾಗ ಬರುತ್ತಿದ್ದ ಹಾಗೆಯೇ...

ಪರದೇಶದ ಈ ಮಾನ್ಮತ್ ಜಂಕ್ಷನ್ ಊರಿನ ಟೌನ್‌ಹೌಸಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರು ಮಂಗಳೂರು ಕಡೆಯ ಕ್ಯಾಥೊಲಿಕರು, ಮೋಟೆಲ್ ನಡೆಸಿ ನಿವೃತ್ತರಾದವರು. ಸ್ನೋ ಬಿದ್ದರೆ ತಮ್ಮ ಪಾಲಿನ ಡ್ರೈವ್‌ವೇಯನ್ನು ಗೆರೆ ಎಳೆದಂತೆ ಬಳಿದು, ಬಳಿದದ್ದನ್ನೆಲ್ಲ ನಮ್ಮ ಕಡೆಗೆ ಒಟ್ಟುತ್ತಿದ್ದರು. ನಮ್ಮ ಒಗ್ಗರಣೆಯ ಘಾಟಿನ ಮೇಲೆ ಅಸೋಸಿಯೇಶನ್‌ಗೆ ದೂರು ಕೊಟ್ಟಿದ್ದರು. ನಾನೋ, ದೂರು ಬರುವ ಮೊದಲೇ ಅದಕ್ಕೆ ಉತ್ತರ ಹೊಸೆಯುತ್ತ ನಿದ್ದೆಗೆಡುವ ಪೈಕಿ.

ಅವರ ಮುಖ ಅರಳುತ್ತಿದ್ದುದು ಒಂದೇ ವಸ್ತುವಿನ ಮುಂದೆ. ಸೀಕಾಕಸ್‌ನ ನಾಣ್ಯ ಮೇಳವೊಂದರಲ್ಲಿ ಕೊಂಡ, ಹಸಿರು ಕಿಲುಬು ಮೆತ್ತಿದ ದಪ್ಪ ಕಂಚಿನ ನಾಣ್ಯ. ಕಿಲುಬಿನ ನಡುವೆ ಕಾಣುತ್ತಿದ್ದುದು ಒಂದು ಗುರುತು ಮಾತ್ರ: ಕತ್ತರಿಯಾಕಾರದ ಎರಡು ಗೆರೆ, ನಡುವೆ ನೆಟ್ಟ ಕೊಕ್ಕೆಯ ಕೋಲು. ಗ್ರೀಕಿನಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಅಕ್ಷರ ಅದು, ನಮ್ಮ ಚರ್ಚಿನ ಬಲಿಪೀಠದ ಬಟ್ಟೆಯ ಮೇಲೂ ಉಂಟು ಎನ್ನುತ್ತಿದ್ದರು. ಮೊದಮೊದಲ ಕ್ರೈಸ್ತರ ಕೈ ದಾಟಿ ಬಂದದ್ದೆಂದು ಅವರ ನಂಬಿಕೆ. ಮೊಮ್ಮಗಳ ಫಸ್ಟ್ ಕಮ್ಯೂನಿಯನ್ ದಿನ, ಅವಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆಯುವ ದಿನ, ಫಾದರ್ ಕೈಯಲ್ಲಿ ಆಶೀರ್ವಾದ ಮಾಡಿಸಿ ಅವಳ ಕೊರಳಿಗೆ ಹಾಕುವೆನೆಂದು ಪರಿಚಿತರಿಗೆಲ್ಲ ಸಾರಿಬಿಟ್ಟಿದ್ದರು.

ಕೊರಳಿಗೆ ಹಾಕುವುದು ಕೊಳಕಾಗಿದ್ದರೆ ಹೇಗೆ? ಕಮ್ಯೂನಿಯನ್ನಿನ ಹಿಂದಿನ ದಿನ ಅವರ ಹೆಂಡತಿ, ನಮ್ಮ ಪಾಲಿನ ಆಂಟಿ, ಬಂದು ನಮ್ಮಿಂದ ಒಂದು ಮುಷ್ಟಿ ಹುಣಸೆಹಣ್ಣು ಒಯ್ದರು. ಶುಭಕಾರ್ಯಕ್ಕೆ ಮುಂಚೆ ತಾಮ್ರ, ಕಂಚು ಬೆಳಗಲೇಬೇಕು. ಅದರಲ್ಲಿ ನಮ್ಮ ಅವರ ಧರ್ಮ ಒಂದೇ.

ಸಂಜೆ ಅಂಕಲ್ ಬಾಗಿಲು ಬಡಿದರು. ಅಂಗೈಯಲ್ಲಿ ನಾಣ್ಯ ಥಳಥಳ ಹೊಳೆಯುತ್ತಿತ್ತು. ಕಿಲುಬು ಹೋಗಿ, ಗುರುತಿನ ಆಚೀಚೆ ಹದ್ದಿನ ಎರಡು ಕಾಲುಗಳು ಎದ್ದಿದ್ದವು. ತಿರುಗಿಸಿದರೆ ಗಡ್ಡದ ಮುಖ, ಕಿವಿಯ ಬಳಿ ಸುರುಳಿ ಸುತ್ತಿದ ಕೊಂಬು.

“ಮಗುವಿನ ಕೊರಳಿಗೆ ನಾನು ಸೈತಾನನನ್ನು ಕಟ್ಟುವುದಾ?” ಎಂದರು. “ನಿಮ್ಮ ಹುಳಿಯಲ್ಲಿ ಎಂತ ಉಂಟು ಮಾರಾಯ್ರೆ?”

ಗಾಬರಿಯಾದರೆ ಕೆಲವರು ನೀರು ಕುಡಿಯುತ್ತಾರೆ, ನಾನು ಫೋನಿನಲ್ಲಿ ಹುಡುಕುತ್ತೇನೆ. ಹುಡುಕಿ, ಸಮಾಧಾನಕ್ಕೆಂದೇ ಓದಿ ಹೇಳಿದೆ: ಅದು ಸೈತಾನನಲ್ಲ, ಈಜಿಪ್ಟನ್ನು ಆಳಿದ ಗ್ರೀಕ್ ದೊರೆಗಳ ದೇವರು, ನಾಣ್ಯ ಕ್ರಿಸ್ತನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನದು, ಗುರುತು ಟಂಕಸಾಲೆಯವರದ್ದಿರಬೇಕು, ಕ್ರೈಸ್ತರು ಆ ಆಕಾರವನ್ನು ತಮ್ಮದಾಗಿಸಿಕೊಂಡದ್ದು ಎಷ್ಟೋ ಕಾಲದ ಮೇಲೆ.

ಅವರ ಮುಖ ಕಪ್ಪಿಟ್ಟಿತು.

“ವಿಮಾನ ನಿಮ್ಮದೇ ಮೊದಲು, ಪ್ಲಾಸ್ಟಿಕ್ ಸರ್ಜರಿ ನಿಮ್ಮದೇ ಮೊದಲು. ಈಗ ನಮ್ಮ ಯೇಸುವಿನ ಗುರುತು ಕೂಡ ನಮ್ಮದಲ್ಲ, ಅಲ್ವಾ?”

ಅದು ನಮ್ಮದೂ ಅಲ್ಲ, ಈಜಿಪ್ಟಿನದು ಎಂದೆ. ಬಾಗಿಲು ನನ್ನ ಮೂಗಿನ ಮುಂದೆಯೇ ಮುಚ್ಚಿತು. ನಮ್ಮ ಮನೆಯ ಬಾಗಿಲು, ಮುಚ್ಚಿದವರು ಅವರು. ಮೊಮ್ಮಗಳ ಕೊರಳಿಗೆ ಐಸೆಲಿನ್‌ನ ಅಂಗಡಿಯಿಂದ ಚಿನ್ನದ ಶಿಲುಬೆ ಬಂತು. ಅಲ್ಲಿಂದಾಚೆ ಪ್ರತಿ ಚಳಿಗಾಲವೂ ನಮ್ಮ ಕಡೆಯ ಸ್ನೋ ಗುಡ್ಡೆ ಇನ್ನಷ್ಟು ಎತ್ತರವಾಯಿತು. ಮಾತು ನಿಂತೇ ಹೋಯಿತು.

ಒಮ್ಮೆ ಮಾತ್ರ, ಇಬ್ಬರೂ ಗೆರೆಯ ಆಚೀಚೆ ಬಳಿಯುತ್ತಿದ್ದಾಗ, ಸಲಿಕೆಗೆ ಒರಗಿ ನಿಂತು, ನನ್ನ ಕಡೆ ನೋಡದೆ ಹೇಳಿದರು. “ಆ ಗುರುತು ಮೊದಲು ಯಾರದ್ದೇ ಇರಲಿ. ಅದನ್ನು ನೋಡ್ತಾ ಪ್ರಾಣ ಬಿಟ್ಟವರು ನಮ್ಮವರು.”

ಅದಕ್ಕೊಂದು ತಕ್ಕ ಉತ್ತರ ಕೊಡಬೇಕೆಂದು ನಾನು ಎಷ್ಟು ದಿನ ಹೊರಳಾಡಿದೆನೋ... ಅಷ್ಟರಲ್ಲಿ ಅವರೇ ಇಲ್ಲವಾದರು. ಆ ನಾಣ್ಯವನ್ನು ಕಡೆಯವರೆಗೂ ತಮ್ಮ ಕೊರಳಿಗೇ ಹಾಕಿಕೊಂಡಿದ್ದರಂತೆ, ಕೊಂಬಿನ ಮುಖ ಎದೆಗೆ, ಗುರುತು ಹೊರಗೆ. ಅಂತ್ಯಕ್ರಿಯೆಯ ದಿನ ಆಂಟಿ ಹೇಳಿದರು. ತಾವು ಅದನ್ನು ಮತ್ತೆ ತೊಳೆಯಲಿಲ್ಲ ಎಂದೂ ಹೇಳಿದರು. ಮರುವರ್ಷ ಮನೆ ಮಾರಿ ಮಗಳ ಬಳಿಗೆ ಹೋದರು.

ಚೊಂಬು ಉಜ್ಜಿ ತಲೆಯೆತ್ತಿದರೆ ಕಿಟಕಿಯಾಚೆ ಹೊಸ ನೆರೆಯ ಹುಡುಗ ನಮ್ಮ ಪಾಲಿನ ಸ್ನೋವನ್ನೂ ತೆಗೆದು ಮುಗಿಸಿದ್ದ. ಹಲ್ಲು ಬಿಟ್ಟು ಕೈಬೀಸಿದ. ನಾನೂ ಹುಣಸೆ ಮೆತ್ತಿದ ಕೈ ಎತ್ತಿದೆ. ಒಳ್ಳೆಯ ಹುಡುಗ, ದೂರಲು ಏನೂ ಇಲ್ಲ. ಆದರೆ ಗೆರೆ ಎಲ್ಲಿತ್ತೆಂದು ನನಗೆ ಈಗ ಗೊತ್ತಾಗುವುದೇ ಇಲ್ಲ.