ಕೆಂಪು ಬಟನ್ನಿನ ಗುರುಸಿದ್ಧಪ್ಪ ಮಿಸ್ತ್ರಿ

ಗುರುಸಿದ್ಧಪ್ಪ ಮಿಸ್ತ್ರಿ ಬೆಳಿಗ್ಗೆ ಕಾರ್ಖಾನೆಯೊಳಗೆ ಬಂದವರೇ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ದೇವರಿಗೆ ಕೈಮುಗಿಯಲಿಕ್ಕಲ್ಲ. ಮುಚ್ಚಿದ ಕಣ್ಣಲ್ಲೇ ಯಂತ್ರದಿಂದ ಬಾಗಿಲ ಕಂಬದವರೆಗೆ ನಡೆದು, ಅಲ್ಲಿದ್ದ ಕೆಂಪು ಬಟನ್ನಿನ ಮೇಲೆ ಹೆಬ್ಬೆರಳಿಟ್ಟು, ಆಮೇಲೆ ಕಣ್ಣು ಬಿಡುವುದು. ಕಂಬದ ಪಕ್ಕದಲ್ಲೇ ಹಾಜರಿ ಗುಮಾಸ್ತನಾದ ನನ್ನ ಮೇಜು. ಹಣೆ ತುಂಬ ವಿಭೂತಿಯ ಆರಡಿ ಆಳು ಕಣ್ಣು ಮುಚ್ಚಿ ನನ್ನ ಕಡೆಗೇ ಬರುವುದನ್ನು ಮೊದಲ ದಿನ ಕಂಡಾಗ ನಾನು ಮಸಿಕುಡಿಕೆ ಎತ್ತಿಕೊಂಡು ಎದ್ದು ನಿಂತಿದ್ದೆ.

"ಇದೆಂಥ ಕಣ್ಣಾಮುಚ್ಚಾಲೆ ಮಾರಾಯ್ರೇ?" ಎಂದು ಕೇಳಿದೆ.

"ಹೊಗಿ ತುಂಬಿದಾಗ ಕಣ್ಣ ಇದ್ದೂ ಇಲ್ಲದಂಗ್ರೀ ಭಟ್ರ. ಕಾಲಿಗೆ ದಾರಿ ಗೊತ್ತಿರಬೇಕು," ಎಂದರು.

ಐವತ್ತರ ದಶಕದ ಮಾತು. ಘಾಟ್ಕೋಪರಿನ ನಮ್ಮ ಕಾರ್ಖಾನೆಯಲ್ಲಿ ಕರಗಿಸಿದ ಅಲ್ಯೂಮಿನಿಯಂ ಅನ್ನು ಅಚ್ಚಿಗೆ ನುಗ್ಗಿಸಿ ಫ್ಯಾನಿನ ಬಿಡಿಭಾಗ ಮಾಡುತ್ತಿದ್ದರು. ಅಚ್ಚನ್ನು ಬಿಗಿಹಿಡಿಯುತ್ತಿದ್ದದ್ದು ಎಣ್ಣೆಯ ಒತ್ತಡ. ಪಂಪು ಆ ಎಣ್ಣೆಯನ್ನು ರಬ್ಬರ್ ಪೈಪಿನಲ್ಲಿ ದೂಡುತ್ತಲೇ ಇರಬೇಕು. ಪಕ್ಕದಲ್ಲೇ ಕುಲುಮೆ. ಪೈಪು ಒಂದು ಕೂದಲೆಳೆಯಷ್ಟು ಸೀಳಿದರೂ ಎಣ್ಣೆ ಮಂಜಿನ ಹಾಗೆ ಹಾರಿ ಕುಲುಮೆಗೆ ತಾಗಿ ಭಗ್ಗೆನ್ನುತ್ತದೆ. ಪಂಪು ನಡೆಯುತ್ತಿರುವಷ್ಟು ಹೊತ್ತು ಆ ಬೆಂಕಿ ನಂದುವುದಿಲ್ಲ. ಕೆಂಪು ಬಟನ್ ಪಂಪನ್ನು ನಿಲ್ಲಿಸುವ ಬಟನ್.

"ನೀರು, ಉಸುಕು ಎಲ್ಲಾ ಆಮ್ಯಾಲ. ಮೊದಲ ಬೆಂಕೀದು ಊಟ ಬಂದ್ ಮಾಡ್ರಿ," ಎಂಬುದು ಗೋಕಾಕದ ಕಡೆಯಿಂದ ಬಂದ ಈ ಮನುಷ್ಯನ ಒಂದೇ ಮಂತ್ರ. ಕೇಳುವವರು ಯಾರು? ಎರಡು ಸಲ ಸಣ್ಣಗೆ ಬೆಂಕಿ ಕಾಣಿಸಿಕೊಂಡಾಗಲೂ ಎಲ್ಲರೂ ಓಡಿದ್ದು ಉಸುಕಿನ ಬಕೆಟ್ಟಿಗೆ. ಒಂದು ಮಧ್ಯಾಹ್ನ ಮಿಸ್ತ್ರಿ ಆಳುಗಳನ್ನು ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸಿ, "ಬಟನ್ ಕಿಧರ್ ಹೈ? ದಿಖಾವ್!" ಎಂದರು. ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ. ಒಬ್ಬ ಪುಣ್ಯಾತ್ಮನಂತೂ ತಲೆಯ ಮೇಲಿನ ಮಾಡು ತೋರಿಸಿದ. ನಾವು ಬಿದ್ದು ಬಿದ್ದು ನಕ್ಕೆವು. ಮಿಸ್ತ್ರಿ ನಗಲಿಲ್ಲ.

ಆ ದಸರೆಗೆ ಯಂತ್ರಪೂಜೆಯ ದಿನ ಅವರೊಂದು ಗಣಪತಿಯ ಪಟ ತಂದು ಬಟನ್ನಿನ ಮೇಲ್ಗಡೆ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದರು. "ನಮ್ಮ ಮಂದಿ ಹೆಂಡ್ತಿ ಹೇಳಿದ್ದ ಮರೀತಾರ, ದೇವರ ಜಾಗಾ ಮರಿಯಂಗಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಉಪಾಯ ಫಲಿಸಿತು. ಮರಾಠಿಯವರು, ಉತ್ತರದ ಭಯ್ಯಾಗಳು, ನಮ್ಮ ಊರಿನವರು, ಯಾರೇ ಬರಲಿ, ಮೊದಲು ಆ ಕಂಬಕ್ಕೆ ಕೈಮುಗಿದೇ ಕೆಲಸಕ್ಕೆ ಹೋಗುವುದು. ಕತ್ತಲಲ್ಲಿ ಕೇಳಿದರೂ ಬಟನ್ನಿನ ದಿಕ್ಕು ತೋರಿಸುತ್ತಿದ್ದರು.

ಅಷ್ಟಕ್ಕೇ ಬಿಡಬಹುದಿತ್ತು. ನಾನು ಉಡುಪಿ ಕಡೆಯ ಭಟ್ಟ. ಮಾಟುಂಗದ ಮೆಸ್ಸಿನಲ್ಲಿ ಉಂಡರೂ ಹುಟ್ಟುಗುಣ ಬಿಡಬೇಕಲ್ಲ! ದಿನಾ ಕಂಬದ ಬುಡ ಒರೆಸಿ, ಸೀಮೆಸುಣ್ಣದಲ್ಲಿ ರಂಗೋಲಿ ಎಳೆದು, ಹೂ ಏರಿಸತೊಡಗಿದೆ. ಗೆರೆ ದಾಟುವವರು ಚಪ್ಪಲಿ ಬಿಡಬೇಕೆಂದು ಜೋರು ಮಾಡಿದೆ.

"ಭಟ್ರ, ಮಡಿ ಜಾಸ್ತಿ ಆತ್ರೀ," ಎಂದರು ಮಿಸ್ತ್ರಿ ಒಮ್ಮೆ.

"ದೇವರ ಹತ್ರ ಚಪ್ಪಲಿ ಮೆಟ್ಟಿಕೊಂಡು ಹೋಗ್ಲಿಕ್ಕುಂಟಾ?" ಎಂದೆ. ಅವರು ತಲೆ ಕೆರೆದುಕೊಂಡರು. ಮರುದಿನದಿಂದ ಅವರ ಕಣ್ಣುಮುಚ್ಚಿದ ನಡಿಗೆಯೂ ಬೂಟು ಬಿಚ್ಚಿಟ್ಟ ಮೇಲೆಯೇ ನಡೆಯಿತು. ನನಗೆ ಒಳಗೊಳಗೇ ಹೆಮ್ಮೆ.

ಮುಂದಿನ ಮಳೆಗಾಲಕ್ಕೆ ಮುಂಚೆ, ಒಂದು ಸುಡುಸುಡು ಮಧ್ಯಾಹ್ನ, ಪೈಪು ಸೀಳಿತು. ಸುಯ್ ಎಂಬ ಸದ್ದು, ಹಿಂದೆಯೇ ಕುಲುಮೆಯಿಂದ ಯಂತ್ರದ ತನಕ ಬೆಂಕಿಯ ನಾಲಿಗೆ. ಯಂತ್ರ ನಡೆಸುತ್ತಿದ್ದ ತುಕಾರಾಮ ಗೋಡೆಗೂ ಉರಿಗೂ ನಡುವೆ ಸಿಕ್ಕಿಬಿದ್ದ. ಮಿಸ್ತ್ರಿ ಒಳಗೆ ನುಗ್ಗಿದರು. ನುಗ್ಗುತ್ತಲೇ ಕೂಗಿದರು: "ಭಟ್ರ, ಬಂದ್ ಮಾಡ್ರೀ!"

ಬಟನ್ನಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ನಾನು. ಹಾರಿ ಎದ್ದೆ. ಕಾಲು ಗೆರೆಯ ಹತ್ತಿರ ನಿಂತಿತು. ದೇವರಾಣೆ, ನಾನು ನಿಲ್ಲಿಸಿದ್ದಲ್ಲ, ಅದಾಗಿಯೇ ನಿಂತಿತು. ಒಂದು ಚಪ್ಪಲಿ ಬಿಟ್ಟೆ. ಇನ್ನೊಂದರ ಉಂಗುಷ್ಠ ಬೆರಳಿಗೆ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿಕೊಂಡೆ. ಆಮೇಲೆ ಒತ್ತಿದೆ.

ಪಂಪು ನಿಂತಿತು, ಉರಿ ಅಲ್ಲೇ ಕುಗ್ಗಿತು. ಉಳಿದದ್ದನ್ನು ಉಸುಕು ಮುಚ್ಚಿತು. ತುಕಾರಾಮನ ಮೀಸೆ ಮಾತ್ರ ಸುಟ್ಟಿತ್ತು. ಅವನ ಮುಖಕ್ಕೆ ಅಡ್ಡ ಹಿಡಿದಿದ್ದ ಮಿಸ್ತ್ರಿಯ ಎಡಗೈಯನ್ನು ನನಗೆ ನೋಡಲಾಗಲಿಲ್ಲ.

ನಾನು ತಡಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಹೇಳದೆ ಇದ್ದುಬಿಡಬಹುದಿತ್ತು, ಎರಡು ತಿಂಗಳು ಹಾಗೇ ಇದ್ದೆ, ಹೇಡಿ. ಮಿಸ್ತ್ರಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆಂದು ಗೊತ್ತಾದ ಮೇಲೆ ತಡೆಯಲಾಗದೆ ಅವರ ಚಾಳಿನ ಮನೆಗೆ ಹೋದೆ. ಗಂಟುಮೂಟೆ ಕಟ್ಟಿ ಆಗಿತ್ತು. ಚಾಪೆಯ ಮೇಲೆ ಕೂತಿದ್ದರು. ಎಡಗೈ ಬೆರಳುಗಳು ಒಳಕ್ಕೆ ಮಡಚಿ ಅಂಟಿಕೊಂಡಿದ್ದವು. ನಿಂತಲ್ಲೇ ಎಲ್ಲ ಹೇಳಿದೆ, ಗೆರೆ, ಚಪ್ಪಲಿ, ಉಂಗುಷ್ಠ. ಕಾಲಿಗೆ ಬೀಳಲು ಬಗ್ಗಿದೆ.

"ಏ, ಏಳ್ರೀ ಮ್ಯಾಲೆ!" ಎಂದು ಗದರಿದರು. "ಪಟಾ ಬಡದಾವ ನಾನು. ದೇವರು ಅಂದ್ರ ಮನಷ್ಯಾ ನಿಂತು ಕೈ ಮುಗಿತಾನ, ಓಡಿ ಬಂದು ಒತ್ತಂಗಿಲ್ಲ. ಅಷ್ಟು ನನಗ ತಿಳೀಲಿಲ್ಲ ನೋಡ್ರಿ. ನಾಳೆ ಮೊದಲ ಆ ಪಟಾ ತಗದು ನಿಮ್ಮ ಖೋಲಿಗೆ ಒಯ್ಯಿರಿ."

"ಆಯ್ತು," ಎಂದೆ.

ಅಷ್ಟರಲ್ಲಿ ಅವರ ಹೆಂಡತಿ ಸ್ನಾನ ಮಾಡಿ ಬಂದು ಎದುರು ಕೂತರು. ಮಿಸ್ತ್ರಿ ಬಲಗೈಯಿಂದ ಎದೆಯ ಮೇಲಿನ ಕರಡಿಗೆ ಬಿಚ್ಚಿ ಲಿಂಗ ಹೊರತೆಗೆದರು. ಲಿಂಗಾಯತರು ಪೂಜೆಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಆ ತಾಯಿ ತನ್ನ ಎಡ ಅಂಗೈ ಚಾಚಿದರು.

"ಮಠದ ಅಯ್ಯನವರನ್ನ ಕೇಳೀನ್ರಿ. ನಡೀತೈತಿ ಅಂದಾರ," ಎಂದು ಮಿಸ್ತ್ರಿ ಸಂಕೋಚದಿಂದ ನಕ್ಕು, ಹೆಂಡತಿಯ ಅಂಗೈಯಲ್ಲಿ ಲಿಂಗವಿಟ್ಟು ಪತ್ರಿ ಏರಿಸತೊಡಗಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಸುಡದ ನನ್ನ ಎರಡು ಅಂಗೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.