ನೀರು ಮೇಡಂ ಕೊಟ್ಟ ಒಪ್ಪಿಗೆ

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ನೀರು ಮೇಡಂ ಎಂದೇ. ಕೊಳವೆ, ಕಾಲುವೆ, ಪಂಪುಗಳಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸುವುದು ಅವರ ಕೆಲಸ. ನೆಲಮಹಡಿಯ ಪ್ರಯೋಗಾಲಯದಲ್ಲಿ ಗಾಜಿನ ಗೋಡೆಯ ಉದ್ದನೆಯ ತೊಟ್ಟಿಯೊಂದಿತ್ತು. ಅದರ ಒಂದು ಮೂಲೆ ಯಾವಾಗಲೂ ಸೋರುತ್ತಿತ್ತು. ರಿಪೇರಿ ಮಾಡಿಸಿ ಎಂದು ಕೇಳಿ ಕೇಳಿ ಬಾಯಿ ಒಣಗಿದ ಮೇಲೆ ಮೇಡಂ ಅಲ್ಲೊಂದು ಬಕೆಟ್ ಇಟ್ಟು, "ಇದೂ ಸಿಲಬಸ್ಸೇ ಅಂದ್ಕೊಳ್ಳಿ. ಬಕೆಟ್ ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಲೆಕ್ಕ ಹಾಕಿ" ಎಂದು ಮಕ್ಕಳನ್ನು ಕೂರಿಸುತ್ತಿದ್ದರು.

ಅವರದು ಕಾಯಂ ನೌಕರಿಯಲ್ಲ. ಪ್ರತಿ ಬೇಸಿಗೆಯಲ್ಲೂ ಕಾಲೇಜು ಅವರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುತ್ತಿತ್ತು, ಅವರೂ ಪ್ರತಿ ಬೇಸಿಗೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮನೆಯಲ್ಲಿದ್ದದ್ದು ಅಕ್ಕ ಒಬ್ಬಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು, ನಾಲಿಗೆ ಸ್ವಲ್ಪ ಚುರುಕು. "ಊರಿನವರ ಮಾತೆಲ್ಲ ನನ್ನ ಕಿವಿ ಹಾದು ಹೋಗಿದೆ ಕಣೇ. ಯಾವ ಮಾತು ಎಲ್ಲಿ ಆಡಬಾರದು ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲ" ಎನ್ನುವುದು ಆಕೆಯ ನಿತ್ಯದ ಪಲ್ಲವಿ.

ಆ ವರ್ಷ ಮೇಡಂ ತರಗತಿಯಲ್ಲಿ ಗುಂಡಿ ಎಂಬ ಅಡ್ಡಹೆಸರಿನ ಹುಡುಗನಿದ್ದ. ಸದಾ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಿದ್ದುದರಿಂದ ಆ ಹೆಸರು. "ಒತ್ತು ಒತ್ತು, ಒಂದಿನ ದೊಡ್ಡ ಗುಂಡಿಗೇ ಬೀಳ್ತೀಯ" ಎಂದು ಜೊತೆಯವರು ನಗುತ್ತಿದ್ದರು. ತಂದೆ ಇರಲಿಲ್ಲ. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹುಡುಗ ಮಾತಿನಲ್ಲಿ ಹಿಂದೆ, ಬರವಣಿಗೆಯಲ್ಲಿ ಇನ್ನೂ ಹಿಂದೆ. ಆದರೆ ಹಿಡಿದ ಲೆಕ್ಕವನ್ನು ಬಿಡುವ ಪೈಕಿಯವನಲ್ಲ.

ಕೊಳವೆಯ ಲೆಕ್ಕವೊಂದಿದೆ. ಉತ್ತರ ನೇರವಾಗಿ ಸಿಗುವುದಿಲ್ಲ. ಒಂದು ಸಂಖ್ಯೆಯನ್ನು ಊಹಿಸಿ ಸೂತ್ರಕ್ಕೆ ಹಾಕಬೇಕು, ಬಂದದ್ದನ್ನು ಮತ್ತೆ ಅದೇ ಸೂತ್ರಕ್ಕೆ ಹಾಕಬೇಕು. ಉತ್ತರ ಅಲುಗಾಡುವುದು ನಿಲ್ಲುವ ತನಕ ಇದೇ ಪಾಡು. ಪರೀಕ್ಷೆಯಲ್ಲಿ ಮಕ್ಕಳ ಸಮಯವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಗುಂಡಿ ತನ್ನ ಕ್ಯಾಲ್ಕುಲೇಟರಿನಲ್ಲಿ ಅದಕ್ಕೊಂದು ಪ್ರೋಗ್ರಾಮ್ ಬರೆದ. ಕೊಳವೆಯ ಅಳತೆ ಕೊಟ್ಟರೆ ಯಂತ್ರವೇ ಸುತ್ತು ಹಾಕಿ ಉತ್ತರ ತೋರಿಸುತ್ತಿತ್ತು. ತರಗತಿ ಮುಗಿದ ಮೇಲೆ ಅದನ್ನು ಮೇಡಂ ಮುಂದೆ ಹಿಡಿದ. ಪ್ರೋಗ್ರಾಮಿಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ನೀರು' ಎಂದು ಹೆಸರಿಟ್ಟಿದ್ದ.

"ನನ್ನ ಹೆಸರನ್ನೇ ಇಟ್ಟುಬಿಟ್ಟೆಯೇನೋ!" ಮೇಡಂ ನಕ್ಕರು. ನಾಲ್ಕಾರು ಲೆಕ್ಕ ಹಾಕಿ ನೋಡಿದರು. ಆಮೇಲೆ ತೀರ ನಿಧಾನವಾಗಿ ಹರಿಯುವ ನೀರಿನ ಲೆಕ್ಕ ಕೊಟ್ಟರು. ಉತ್ತರ ಎಲ್ಲೋ ಹೋಯಿತು.

"ಯಾಕೆ ಹೀಗಾಯ್ತು ಹೇಳು?"

ಹುಡುಗ ತಲೆ ಕೆರೆದುಕೊಂಡ. ಬಕೆಟ್ಟಿನ ಪಕ್ಕ ಕೂತು ಯೋಚಿಸಿದ. ಕೊನೆಗೆ, "ನಿಧಾನ ಹರಿವಿಗೆ ಸೂತ್ರಾನೇ ಬೇರೆ ಅಲ್ವಾ ಮೇಡಂ. ನಾನು ಅದನ್ನ ಹಾಕೇ ಇಲ್ಲ" ಎಂದ. ಮರುದಿನ ತಿದ್ದಿಕೊಂಡು ಬಂದ. ಮೇಡಂಗೆ ಹಿಗ್ಗೋ ಹಿಗ್ಗು. ಇಷ್ಟು ಚೆನ್ನಾಗಿ ಪಾಠ ಅರ್ಥ ಮಾಡಿಕೊಂಡವನನ್ನು ಅವರು ನೋಡಿ ಬಹಳ ಕಾಲವಾಗಿತ್ತು.

"ಮೇಡಂ, ಇದನ್ನ ಪರೀಕ್ಷೇಲಿ ಬಳಸಬಹುದಾ?"

ಪರೀಕ್ಷೆಯ ಸೂಚನೆಯಲ್ಲಿ ಇದ್ದದ್ದು ಕ್ಯಾಲ್ಕುಲೇಟರ್ ತರಬಹುದು, ಫೋನ್ ತರಬಾರದು ಎಂದಷ್ಟೇ. ಪ್ರೋಗ್ರಾಮಿನ ಸುದ್ದಿಯೇ ಇರಲಿಲ್ಲ. ಮೇಡಂ ಹೆಚ್ಚು ಯೋಚಿಸಲಿಲ್ಲ. "ನಿನ್ನ ತಲೇಲಿ ಇದ್ದದ್ದನ್ನ ನೀನೇ ಅದರೊಳಗೆ ಇಟ್ಟಿದ್ದೀಯ. ಅದರಲ್ಲಿ ಕಳ್ಳತನ ಏನು ಬಂತು? ತಗೊಂಡು ಹೋಗು. ಆದರೆ ಹಂತಗಳನ್ನ ಬರೀಬೇಕು, ಬರೀ ಉತ್ತರ ಬರೆದರೆ ಒಂದಂಕಾನೂ ಇಲ್ಲ."

ಪರೀಕ್ಷೆಯ ದಿನ ಮೇಡಂ ಸಿಬ್ಬಂದಿ ಕೋಣೆಯಲ್ಲಿದ್ದರು. ತಮ್ಮ ವಿಷಯದ ಪರೀಕ್ಷೆಗೆ ತಾವೇ ಕಾವಲು ನಿಲ್ಲುವಂತಿರಲಿಲ್ಲ. ಜವಾನ ಬಂದು ಬಾಗಿಲಲ್ಲೇ ನಿಂತ. "ಮೇಡಂ, ನಿಮ್ಮ ಗುಂಡೀನ ಎಬ್ಬಿಸಿಬಿಟ್ರು. ಮೇಲಿಂದ ಬಂದಿರೋ ಪರಿವೀಕ್ಷಕರು ಅವನ ಮಿಷನ್ ಕಿತ್ಕೊಂಡ್ರು."

ವಿಶ್ವವಿದ್ಯಾಲಯ ಕಳಿಸಿದ ಪರಿವೀಕ್ಷಕರು ಕಟ್ಟುನಿಟ್ಟಿನ ಆಸಾಮಿ. ಹುಡುಗ ನಾಲ್ಕು ಗುಂಡಿ ಒತ್ತಿ ಅರ್ಧ ಪುಟದ ಲೆಕ್ಕದ ಉತ್ತರಕ್ಕೆ ನೇರ ಹೋದದ್ದು ಅವರ ಕಣ್ಣಿಗೆ ಬಿದ್ದಿತ್ತು. ಪ್ರಾಂಶುಪಾಲರದು ಬೇರೆ ಜಾತಿಯ ಮನಸ್ಸು. ನಿವೃತ್ತಿ ಹತ್ತಿರದಲ್ಲಿತ್ತು, ಗಲಾಟೆ ಎಂದರೆ ಆಗದು. ವಿಚಾರಣೆಗೆ ಮುಂಚೆ ಅವರೇ ಮೇಡಂ ಅವರನ್ನು ತಮ್ಮ ಕೋಣೆಗೆ ಕರೆಸಿಕೊಂಡರು.

"ನೋಡಿ ಅಮ್ಮಾ, ನಾನು ಎಲ್ಲ ಮಾತಾಡಿದ್ದೀನಿ. ಹುಡುಗ ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಟ್ರೆ ಎಚ್ಚರಿಕೆ ಕೊಟ್ಟು ಕೈ ತೊಳ್ಕೋತೀವಿ. ಉತ್ತರಪತ್ರಿಕೆನೂ ಮೌಲ್ಯಮಾಪನಕ್ಕೆ ಹೋಗುತ್ತೆ. ನೀವು ಸುಮ್ನೆ ಕೂತಿರಿ, ಅಷ್ಟು ಸಾಕು."

"ಆಯ್ತು ಸರ್" ಎಂದರು ಮೇಡಂ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ವಿಚಾರಣೆ ನಡೆದದ್ದು ಪ್ರಾಂಶುಪಾಲರ ಕೋಣೆಯಲ್ಲೇ. ಮೇಜಿನ ಮೇಲೆ ಕ್ಯಾಲ್ಕುಲೇಟರ್ ಒಂದು ಕವರಿನೊಳಗೆ, ಕೊಲೆ ಮಾಡಿದ ಚಾಕುವಿನಂತೆ ಬಿದ್ದಿತ್ತು. ಗುಂಡಿ ಗೋಡೆಗೆ ಬೆನ್ನು ತಾಗದಂತೆ ನೆಟ್ಟಗೆ ನಿಂತಿದ್ದ.

"ಇದನ್ನ ತರಬಹುದು ಅಂತ ಯಾರು ಹೇಳಿದ್ರು ನಿಂಗೆ?" ಪರಿವೀಕ್ಷಕರು ಕೇಳಿದರು.

ಹುಡುಗ ಮೇಡಂ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ಲ ಸರ್. ನಾನೇ ತಂದೆ."

"ಹಾಗಾದ್ರೆ ಬರಿ. ನಾನು ಪರೀಕ್ಷೆಯಲ್ಲಿ ನಕಲು ಮಾಡಿದ್ದೇನೆ ಅಂತ ಬರಿ."

ಹುಡುಗ ಪೆನ್ನು ತೆಗೆದುಕೊಂಡ. ಮೊದಲ ಪದ ಬರೆದ. ಅಷ್ಟರಲ್ಲಿ ನೀರು ಮೇಡಂ ಎದ್ದು ನಿಂತಿದ್ದರು. ತಾವು ಎದ್ದದ್ದು ಅವರಿಗೇ ತಿಳಿದಿರಲಿಲ್ಲ.

"ಬರೀಬೇಡ. ಸರ್, ಅವನು ನಕಲು ಮಾಡಿಲ್ಲ. ಅವನು ನನ್ನನ್ನ ಕೇಳಿದ, ನಾನು ತಗೊಂಡು ಹೋಗು ಅಂದೆ. ಆ ಪ್ರೋಗ್ರಾಮ್ ಅವನೇ ಬರೆದದ್ದು. ಬೇಕಾದ್ರೆ ಈಗ್ಲೇ ಅಳಿಸಿ, ನಿಮ್ಮ ಕಣ್ಣೆದುರಿಗೇ ಇನ್ನೊಂದು ಸಲ ಬರೀತಾನೆ. ಮಾಡದ ತಪ್ಪನ್ನ ಮಾಡಿದೆ ಅಂತ ಅವನ ಕೈಯಲ್ಲಿ ಬರೆಸೋದು ನ್ಯಾಯ ಅಲ್ಲ."

ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. ಪರಿವೀಕ್ಷಕರು ಕನ್ನಡಕ ಸರಿಮಾಡಿಕೊಂಡರು. "ಓಹೋ. ಪಾಠ ಹೇಳಿದವರದ್ದೇ ಒಪ್ಪಿಗೆ. ಹೀಗೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

"ಕೇಳಿದ್ದು ಇವನೊಬ್ಬನೇ."

"ನೋಡೋಣ."

ಆಗ ಮೊದಲ ಬಾರಿಗೆ ಗುಂಡಿ ಮೇಡಂ ಕಡೆ ನೋಡಿದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅದು ಯಾಕೆಂದು ಮೇಡಂಗೆ ಮಾರನೆಯ ದಿನ ತಿಳಿಯಿತು.

ಮುಂದಿನ ಪರೀಕ್ಷೆಯ ಬಾಗಿಲಲ್ಲೇ ಪರಿವೀಕ್ಷಕರು ಎಲ್ಲರ ಕ್ಯಾಲ್ಕುಲೇಟರ್ ತೆರೆಸಿದರು. ಒಂದಾದ ಮೇಲೊಂದರಲ್ಲಿ ಅದೇ ಪ್ರೋಗ್ರಾಮ್. ಗುಂಡಿಯ ಮಾತು ಎಚ್ಚರಿಕೆಯಲ್ಲೇ ಮುಗಿಯುತ್ತದೆ ಎಂದುಕೊಂಡು ಯಾರೂ ಅಳಿಸಿರಲಿಲ್ಲ. ಜೊತೆಯವರು ಕೇಳಿದ್ದರು, ಇಲ್ಲ ಎನ್ನಲಾರದೆ ಗುಂಡಿ ಕೊಟ್ಟಿದ್ದ. ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಯಂತ್ರ ಜೋಡಿಸಿ ಇಡೀ ತರಗತಿಗೆ ಹರಡಿಬಿಟ್ಟಿದ್ದರು. ಎಲ್ಲದರ ತಲೆಯ ಮೇಲೂ ಗುಂಡಿ ಇಟ್ಟಿದ್ದ 'ನೀರು' ಎಂಬ ಹೆಸರೇ. ಹಂಚಿದವರು ಯಾರು ಎಂದು ಇನ್ನು ಬೇರೆ ಸಾಕ್ಷಿ ಬೇಕೇ?

ಮೇಡಂ ಅವರನ್ನೂ ಕರೆಸಿದರು. ಅವರ ಎದುರಿಗೇ ಪರಿವೀಕ್ಷಕರು ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಕೇಳಿದರು: "ಈ ಪ್ರೋಗ್ರಾಮ್ ಒಳಗೆ ಏನು ಮಾಡುತ್ತೆ, ಹೇಳಮ್ಮ."

ಹುಡುಗಿ ಕ್ಯಾಲ್ಕುಲೇಟರಿನ ಪರದೆ ನೋಡಿದಳು. "ಅಳತೆ ಹಾಕಿದ್ರೆ ಉತ್ತರ ಬರುತ್ತೆ ಸರ್."

"ಹೇಗೆ ಬರುತ್ತೆ?"

"ಗೊತ್ತಿಲ್ಲ ಸರ್. ಬರುತ್ತೆ."

ಪರಿವೀಕ್ಷಕರು ಮೇಡಂ ಕಡೆ ಒಮ್ಮೆ ನೋಡಿ, ಹುಡುಗಿಯ ಕ್ಯಾಲ್ಕುಲೇಟರನ್ನೂ ಕವರಿಗೆ ಹಾಕಿದರು. ಗುಂಡಿಯ ಕೈಯಲ್ಲಿ ಆ ಪ್ರೋಗ್ರಾಮ್ ವಿದ್ಯೆ. ಈ ಹುಡುಗಿಯ ಕೈಯಲ್ಲಿ ಅದೇ ಸಾಲುಗಳು, ಅದೇ ಅಂಕೆಗಳು, ಆದರೆ ಕದ್ದ ಮಾಲು. ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು, ಉತ್ತರಪತ್ರಿಕೆ ತಿದ್ದುವವರಿಗೂ ತಿಳಿಯದು. ಒಪ್ಪಿಗೆ ಕೊಟ್ಟ ದಿನ ಮೇಡಂ ಕಣ್ಣಿಗೆ ಕಂಡದ್ದು ಒಬ್ಬನೇ ಹುಡುಗ. ಅವನ ಹಿಂದೆ ಕೂತಿದ್ದವರು ಯಾರೂ ಕಂಡಿರಲಿಲ್ಲ.

"ನಾನು ಹೇಳ್ಲಿಲ್ವಾ?" ಎಂದಳು ಅಕ್ಕ ಅಂದು ಸಂಜೆ. ಆಮೇಲೆ ತಂಗಿಯ ಮುಖ ನೋಡಿ ಮಾತು ನಿಲ್ಲಿಸಿ, ತಟ್ಟೆ ಹಾಕಿದಳು. "ತಿನ್ನು. ಮೊದಲು ತಿನ್ನು."

"ಅಕ್ಕ, ಅವನ ಕೈಯಲ್ಲಿ ಸುಳ್ಳು ಬರೆಸ್ತಿದ್ರು. ನೋಡ್ಕೊಂಡು ಸುಮ್ನಿರ್ಬೇಕಿತ್ತಾ?"

ಅಕ್ಕ ತಟ್ಟೆಗೆ ಸಾರು ಬಡಿಸಿದಳು. "ಅದನ್ನ ಅವನನ್ನೇ ಕೇಳ್ಬೇಕಿತ್ತಲ್ಲೇ."

ತೀರ್ಪು ಬರಲು ತಡವಾಗಲಿಲ್ಲ. ಇಡೀ ತರಗತಿಯ ಆ ಪತ್ರಿಕೆ ರದ್ದಾಯಿತು. ಮರುಪರೀಕ್ಷೆ ಕ್ಯಾಲ್ಕುಲೇಟರ್ ಇಲ್ಲದೆ, ಕೈಲೆಕ್ಕದಲ್ಲಿ. ಪ್ರೋಗ್ರಾಮ್ ಹಂಚಿದ್ದಕ್ಕೆ ಗುಂಡಿಯನ್ನು ಒಂದು ವರ್ಷ ಎಲ್ಲ ಪರೀಕ್ಷೆಗಳಿಂದ ಹೊರಗಿಟ್ಟರು. ಆ ಬೇಸಿಗೆ ನೀರು ಮೇಡಂ ಅವರ ಕೆಲಸವನ್ನು ಮುಂದುವರಿಸಲಿಲ್ಲ. ಪ್ರಾಂಶುಪಾಲರು ಬಾಗಿಲ ತನಕ ಬಂದು, "ನಾನು ಕೂತಿರಿ ಅಂದಿದ್ದೆ ಅಮ್ಮಾ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಫಲಿತಾಂಶ ತಡವಾದದ್ದರಿಂದ ಕೆಲವರಿಗೆ ಸಿಕ್ಕಿದ್ದ ಕೆಲಸ ಕೈತಪ್ಪಿತು. ಆ ಕೋಪವನ್ನು ತೀರಿಸಿಕೊಳ್ಳಲು ಅವರಿಗೆ ಕೈಗೆಟುಕುವಂತೆ ಇದ್ದವನು ಒಬ್ಬನೇ. ಸೈಕಲ್ ನಿಲ್ಲಿಸುವ ಜಾಗದಲ್ಲಿ ಹಿಡಿದು ಹೊಡೆದರು. ಅವನಿಂದಲೇ ಪ್ರೋಗ್ರಾಮ್ ಇಸಿದುಕೊಂಡವರೇ ಹೊಡೆದದ್ದು. ಕಿವಿಯ ಮೇಲೆ ಬಿದ್ದ ಪೆಟ್ಟಿಗೆ ಒಂದು ಕಿವಿ ಮಂದವಾಯಿತು. ಯಾರು ಹೊಡೆದರು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಬಿದ್ದೆ ಎಂದನಂತೆ.

ಈ ಸುದ್ದಿ ಜವಾನನಿಂದ ತಿಳಿದ ಮೇಲೆ ಮೇಡಂಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವನು ಈಗ ತಾಯಿಯ ಜೊತೆಗೇ ಕೆಲಸ ಮಾಡುತ್ತಿದ್ದಾನೆಂದು ಕೇಳಿ ಆಸ್ಪತ್ರೆಯ ಹಿಂಬದಿಗೆ ಹೋದರು. ಉದ್ದನೆಯ ಕೋಣೆ, ಒಳಗೆಲ್ಲ ಹಬೆ. ದೊಡ್ಡ ಡ್ರಮ್ಮುಗಳಲ್ಲಿ ಬಟ್ಟೆ ತಿರುಗುತ್ತಿತ್ತು. ಗುಂಡಿ ಹಾಸಿಗೆಯ ಬಿಳಿ ಹೊದಿಕೆಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ತೂರಿಸುತ್ತಿದ್ದ. ಆಚೆ ತುದಿಯಲ್ಲಿ ಅವನ ತಾಯಿ ಅವನ್ನು ಹಿಡಿದು ಮಡಚುತ್ತಿದ್ದಳು.

ಮೇಡಂ ಅವನ ಬಲಕ್ಕೆ ನಿಂತು ಕರೆದರು. ಅವನು ತಿರುಗಲಿಲ್ಲ. ಎಡಕ್ಕೆ ಬಂದು ಕರೆದಾಗ ತಿರುಗಿದ.

"ಮುಂದಿನ ವರ್ಷ ಪರೀಕ್ಷೆಗೆ ಕೂರು. ನಾನು ಹೇಳ್ಕೊಡ್ತೀನಿ. ದಿನಾ ಮನೆಗೆ ಬಾ."

"ಬೇಡ ಮೇಡಂ."

"ಒಂದು ವರ್ಷ ಹೋಯ್ತು ಅಂತ ಎಲ್ಲ ಬಿಟ್ಟುಬಿಡ್ತೀಯಾ?"

ಅವನು ಹೊದಿಕೆಯ ಅಂಚನ್ನು ಸರಿಮಾಡಿದ. "ಆ ದಿನ ನಾನು ಬರೀತಿದ್ದೆ ಮೇಡಂ. ಒಂದೇ ಸಾಲು. ಅದು ಸುಳ್ಳು ಅಂತ ನಂಗೂ ಗೊತ್ತಿತ್ತು. ಬರೆದಿದ್ರೆ ನೀವು ಉಳೀತಿದ್ರಿ, ಅವ್ರೆಲ್ಲ ಉಳೀತಿದ್ರು, ನಾನೂ ಉಳೀತಿದ್ದೆ." ಧ್ವನಿ ಏರಲಿಲ್ಲ. "ನೀವು ಒಳ್ಳೇದಕ್ಕೇ ಹೇಳಿದ್ರಿ. ಗೊತ್ತು. ಆದ್ರೆ ಈಗ ನಂಗೆ ಲೆಕ್ಕದ ಪುಸ್ತಕ ತೆಗೆಯೋಕೇ ಆಗಲ್ಲ."

ತಾಯಿ ಕೈ ಒರೆಸಿಕೊಂಡು ಬಂದಳು. ಮೇಡಂಗೆ ಕೂರಲು ಸ್ಟೂಲು ಎಳೆದುಕೊಟ್ಟಳು. ಅವರು ಕೂರಲಿಲ್ಲ. "ತಪ್ಪು ತಿಳೀಬೇಡಿ ಅಮ್ಮಾವ್ರೆ. ನಿಮ್ಮನ್ನ ನೋಡಿದ್ ದಿನ ಅವನು ಮಲಗಲ್ಲ. ಇನ್ಮೇಲೆ ಬರ್ಬೇಡಿ" ಎಂದಳು. ಬಾಗಿಲ ತನಕ ಜೊತೆಗೆ ಬಂದು, ನೆಲ ಒದ್ದೆಯಿದೆ, ಜೋಪಾನ ಎಂದೂ ಹೇಳಿದಳು.

ಮೇಡಂ ಮತ್ತೆ ಹೋಗಲಿಲ್ಲ. ಅವನು ಪರೀಕ್ಷೆಗೂ ಕೂರಲಿಲ್ಲ.

ಮುಂದಿನ ವರ್ಷದಿಂದ ಪರೀಕ್ಷೆಯ ಸೂಚನೆಗೆ ಹೊಸ ಸಾಲೊಂದು ಸೇರಿತು: ಪ್ರೋಗ್ರಾಮ್ ಸಂಗ್ರಹಿಸುವ ಕ್ಯಾಲ್ಕುಲೇಟರ್ ನಿಷಿದ್ಧ. ಆ ಸಾಲು ಒಂದು ವರ್ಷ ಮುಂಚೆ ಇದ್ದಿದ್ದರೆ ಹುಡುಗ ಕೇಳುತ್ತಲೇ ಇರಲಿಲ್ಲ.

ಮನೆಯಿಂದ ಎರಡು ಬೀದಿ ಆಚೆ, ಕೆಲಸದ ಪರೀಕ್ಷೆಗಳಿಗೆ ತಯಾರು ಮಾಡುವ ಕೋಚಿಂಗ್ ಕೇಂದ್ರದಲ್ಲಿ ಮೇಡಂಗೆ ಕೆಲಸ ಸಿಕ್ಕಿತು. ಕಿಟಕಿಯಿಲ್ಲದ ಕೋಣೆ, ಗೋಡೆಯಿಂದ ಗೋಡೆಗೆ ಬೆಂಚು. ಮಾಲೀಕ ಮೊದಲ ದಿನವೇ ಹೇಳಿದ್ದ: "ಯಾಕೆ, ಹೇಗೆ ಎಲ್ಲ ಬೇಡ ಮೇಡಂ. ಸೂತ್ರ ಬಾಯಿಪಾಠ ಮಾಡಿಸಿ. ಯಾವ ತರದ ಪ್ರಶ್ನೆಗೆ ಯಾವ ಸೂತ್ರ, ಅಷ್ಟೇ." ಮಕ್ಕಳು ಸೂತ್ರಗಳನ್ನು ರಾಗ ಎಳೆದು ಒಟ್ಟಿಗೆ ಹೇಳುತ್ತಿದ್ದರು. ಏನು ಹೇಳುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ನಕಲು ಎಂದು ಯಾರೂ ಕರೆಯುವುದಿಲ್ಲ. ಪಾಸಾದವರ ಫೋಟೋ ಬೀದಿಯ ಬೋರ್ಡಿನ ಮೇಲೆ ಬರುತ್ತದೆ.

ಒಂದು ದಿನ ಹಿಂದಿನ ಬೆಂಚಿನಿಂದ ಕೈಯೊಂದು ಮೇಲೆದ್ದಿತು. ದಪ್ಪ ಜಡೆಯ ಹುಡುಗಿ. "ಮೇಡಂ, ನಿಧಾನ ಹರಿವಿಗೆ ಮಾತ್ರ ಈ ಸೂತ್ರ ಯಾಕೆ ಬೇರೆ?"

ಮೇಡಂ ಬಾಯಿ ತೆರೆದರು. ಪಕ್ಕದ ಕೋಣೆಯಿಂದ ಮಾಲೀಕನ ಕೆಮ್ಮು ಕೇಳಿಸಿತು.

"ಅದು ಪರೀಕ್ಷೆಗೆ ಬರಲ್ಲ ಪುಟ್ಟಿ" ಎಂದರು. "ಮುಂದಿನದ್ದು ಹೇಳಿ."