ಚಹಾ ಕುಡಿದ ಮನೆ, ನೀರು ಕುಡಿದ ಮನೆ

ನಾನು ಜೀವವಿಮೆ ಏಜೆಂಟ್. ಬೇರೆಯವರ ಮನೆಯ ಸೋಫಾದ ಮೇಲೆ ಕುಳಿತು, ಅವರದೇ ಬಿಸ್ಕತ್ತು ತಿನ್ನುತ್ತ, ಅವರು ಸತ್ತರೆ ಏನಾದೀತು ಎಂದು ನಗುಮುಖದಿಂದ ವಿವರಿಸುವುದು ನನ್ನ ಉದ್ಯೋಗ. ಇದಕ್ಕೆ ಬೇಕಾದ ಬಂಡವಾಳ ನನಗೆ ಹುಟ್ಟಿನಿಂದಲೇ ಬಂದದ್ದು. ಆಕಾಶ ತಿಳಿಯಾಗಿದ್ದರೆ ಬಿಸಿಲು ಹೊಡೆದೀತೆಂದೂ ಮೋಡವಿದ್ದರೆ ಸಿಡಿಲು ಹೊಡೆದೀತೆಂದೂ ಹೆದರುವ ಪೈಕಿ ನಾನು. ಹೊಸಪೇಟೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಕಾರ್ಯದರ್ಶಿಯಾದದ್ದೂ ಇದೇ ಅರ್ಹತೆಯ ಮೇಲೆ. ಚೆಂಡನ್ನು ಒಮ್ಮೆಯೂ ನೆಟ್ಟಗೆ ಒದ್ದವನಲ್ಲ. ಆದರೆ ಪಂದ್ಯ ನೋಡಲು ಹೋಗುವಾಗ ಬ್ಯಾಂಡೇಜು, ಗ್ಲೂಕೋಸು, ಕೊಡೆ, ಬೂಟಿನ ಲೇಸು ಎಲ್ಲ ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದೆ. “ಈ ಮನುಷ್ಯಾ ನಮಗ ಬೇಕ್ರಿ. ನಮ್ಮೆಲ್ಲರ ಪಾಲಿಂದು ಇವರೊಬ್ರೇ ಹೆದರ್ತಾರ” ಎಂದು ಅಧ್ಯಕ್ಷರು ನನ್ನನ್ನು ಒಳಗೆ ಎಳೆದುಕೊಂಡರು.

ಅಧ್ಯಕ್ಷರದು ಅದಿರು ಸಾಗಿಸುವ ಲಾರಿಗಳ ವ್ಯವಹಾರ. ಮೈದಾನದ ಪಕ್ಕದ ರಸ್ತೆಯಲ್ಲಿ ಅವರ ಲಾರಿಗಳು ಎಬ್ಬಿಸುವ ಧೂಳಿಗೆ ನಮ್ಮ ಬಿಳಿ ಜರ್ಸಿ ವಿರಾಮದ ಹೊತ್ತಿಗೆ ಕೆಂಪಾಗಿರುತ್ತಿತ್ತು. ಕೆಂಪು ಜರ್ಸಿಯ ಸಂಡೂರಿನವರು ಎರಡನೆಯ ಅವಧಿಯಲ್ಲಿ ತಮ್ಮವರೆಂದು ತಿಳಿದು ನಮಗೇ ಪಾಸು ಕೊಟ್ಟದ್ದುಂಟು. ಅದನ್ನೂ ನಾವು ತಂತ್ರವೆಂದೇ ಹೇಳಿಕೊಳ್ಳುತ್ತಿದ್ದೆವು. ಗೆಲ್ಲುವ ಕಾಲದಲ್ಲಿ ಧೂಳೂ ತಂತ್ರವಾಗುತ್ತದೆ.

ಆ ಗೆಲ್ಲುವ ಕಾಲ ಕ್ಲಬ್ಬಿನ ಕೋಚ್ ಆಗಿದ್ದ ಮಾಸ್ತರರ ಕಾಲ. ಹೈಸ್ಕೂಲಿನಲ್ಲಿ ಅವರು ನಮಗೆ ಡ್ರಿಲ್ ಕಲಿಸಿದವರು. ನನ್ನನ್ನು ಮಾತ್ರ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, “ನೀ ನೆಳ್ಳಾಗ ಕುಂದ್ರಪಾ, ಬಿದ್ದುಗಿದ್ದೀಯ” ಎಂದು ಬೇವಿನ ಮರ ತೋರಿಸಿದ್ದರು. ಅವರಷ್ಟು ಬೇಗ ನನ್ನನ್ನು ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ. ನನ್ನ ಹೆಂಡತಿಗೂ ಕೆಲವು ವರ್ಷ ಹಿಡಿಯಿತು.

ಮಾಸ್ತರರದು ಒಂದು ಪದ್ಧತಿಯಿತ್ತು. ಪಂದ್ಯದ ದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಆಟಗಾರರ ಮನೆಮನೆಗೂ ಹೋಗುವುದು. ಒಳಗೆ ಬಂದು ಕುಳಿತು ಚಹಾ ಕುಡಿದರೆ ಆ ಮನೆಯ ಹುಡುಗ ಅಂದು ಆಡುತ್ತಾನೆ. ಬಾಗಿಲಲ್ಲೇ ನಿಂತು, ಹುಡುಗನ ಹೆಗಲ ಮೇಲೆ ಕೈಯಿಟ್ಟು ಅದೇನೋ ಮಾತಾಡಿ, ಒಂದು ಲೋಟ ನೀರು ಕುಡಿದು ಹೊರಟರೆ ಅವನು ಅಂದು ಹೊರಗೆ. ತಂಡವನ್ನು ಬೇರೆ ಯಾವ ರೀತಿಯಲ್ಲೂ ಪ್ರಕಟಿಸುತ್ತಿರಲಿಲ್ಲ. ಓಣಿಯ ನಳದ ಹತ್ತಿರ ಹೆಂಗಸರು, “ಏನವಾ, ನಿಮ್ಮನ್ಯಾಗ ಚಹಾನೋ ನೀರೋ?” ಎಂದು ಕೇಳಿಕೊಂಡರೆ ಊರಿಗೆಲ್ಲ ತಂಡ ಗೊತ್ತಾಗುತ್ತಿತ್ತು. ಒಬ್ಬೊಬ್ಬರ ಮನೆಯ ಚಹಾ ಕುಡಿದೇ ಅವರು ಆಟಗಾರನ ಮನಸ್ಸು ಓದುತ್ತಾರೆಂದು ನಾವೆಲ್ಲ ನಂಬಿದ್ದೆವು.

ಮಂಡಿನೋವು ಹೆಚ್ಚಾಗಿ ಮಾಸ್ತರರು ಬಿಟ್ಟರು. ಪಾಪಿನಾಯಕನಹಳ್ಳಿಯಲ್ಲಿ ಹೆಂಡತಿಯ ಕಡೆಯಿಂದ ಬಂದ ಸ್ವಲ್ಪ ಹೊಲವಿತ್ತು. ಅಲ್ಲಿಗೆ ಹೋಗಿ ನೆಲೆಸಿದರು. ನಾವು ಭರ್ಜರಿ ಸನ್ಮಾನ ಮಾಡಿ, ಗಾಜಿನ ಪೆಟ್ಟಿಗೆಯಲ್ಲಿ ಹಂಪಿಯ ಕಲ್ಲಿನ ರಥ ಕೊಟ್ಟೆವು. ಹೊಸಪೇಟೆಯಲ್ಲಿ ಯಾರು ನಿವೃತ್ತರಾದರೂ ಅದನ್ನೇ ಕೊಡುವುದು. ಅವರ ಮನೆಯಲ್ಲಿ ಆಗಲೇ ಎರಡು ರಥಗಳಿದ್ದುವು.

ಹೊಸ ಕೋಚ್ ಹೊರ ಊರಿನಲ್ಲಿ ಕೋರ್ಸು ಮುಗಿಸಿ ಬಂದವರು. ಅಧ್ಯಕ್ಷರ ಲಾರಿ ಶೆಡ್ಡಿನ ಗೋಡೆಯ ಮೇಲೆ ಲ್ಯಾಪ್‌ಟಾಪಿನಿಂದ ಬಾಣದ ಗುರುತುಗಳನ್ನು ಬಿಟ್ಟು ಆಟ ಕಲಿಸಿದರು. ಹುಡುಗರಿಗಿಂತ ಚೆನ್ನಾಗಿ ಅರ್ಥವಾದದ್ದು ಲಾರಿ ಡ್ರೈವರುಗಳಿಗೆ. ಎಲ್ಲಿ ಓವರ್‌ಟೇಕ್ ಮಾಡಬಾರದೆಂದು ಅವರು ಸರಿಯಾಗಿ ಹೇಳುತ್ತಿದ್ದರು. ಒಗ್ಗಟ್ಟು ಬೆಳೆಯಲೆಂದು ಕೋಚ್ ತಂಡವನ್ನು ಹಂಪಿಗೆ ಕರೆದೊಯ್ದು ಬಜಾರಿನ ಕಲ್ಲಿನ ಮಂಟಪಗಳಲ್ಲಿ ಕಣ್ಣು ಮುಚ್ಚಿ ಕೂರಿಸಿದರು. ಕೋಚ್ ತಾವೂ ಮುಚ್ಚಿದ್ದ ಕಣ್ಣು ತೆರೆದಾಗ ಮಂಟಪದಲ್ಲಿ ಅವರು ಮತ್ತು ನಾನು ಇಬ್ಬರೇ. ಒಗ್ಗಟ್ಟಿನ ಅರ್ಧ ಭಾಗ ಅಲ್ಲೇ ಬಾಡಿಗೆ ಓಡಿಸುವ ಚಿಕ್ಕಪ್ಪಂದಿರ ಆಟೋ ಹತ್ತಿ ಹೋಗಿತ್ತು. ನಮ್ಮ ಸ್ಟ್ರೈಕರ್ ಅಲ್ಲಿನ ವಿರೂಪಾಕ್ಷನ ಗುಡಿಯ ಮುಂದೆ ವಿದೇಶಿ ದಂಪತಿಗಳಿಗೆ ಗೈಡ್ ಆಗಿ, ತನಗೆ ತೋಚಿದ ಇತಿಹಾಸ ಹೇಳುತ್ತಿದ್ದ. ಗೋಲಿನ ಮುಂದೆ ಅಷ್ಟು ಧೈರ್ಯ ಅವನಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ತಂಡದ ಆಯ್ಕೆಯೂ ಆಧುನಿಕವಾಯಿತು. ಪಂದ್ಯದ ಹಿಂದಿನ ಸಂಜೆ ವಾಟ್ಸಾಪ್ ಗ್ರೂಪಿಗೆ ಹನ್ನೊಂದು ಹೆಸರು ಬಂದು ಬೀಳುವುದು. ಬಿದ್ದ ತಕ್ಷಣ ಹೆಸರಿಲ್ಲದವರು ಗ್ರೂಪು ಬಿಡುವುದು. ಅವರನ್ನು ಮತ್ತೆ ಗ್ರೂಪಿಗೆ ಸೇರಿಸುವುದು ಕಾರ್ಯದರ್ಶಿಯ ಕೆಲಸ. ಗ್ರೂಪಿಗೆ ಸೇರಿದರು, ಮೈದಾನಕ್ಕೆ ಬರುವುದನ್ನು ಮಾತ್ರ ಒಬ್ಬೊಬ್ಬರಾಗಿ ನಿಲ್ಲಿಸಿದರು. ನಾವು ಸೋಲತೊಡಗಿದೆವು. ಮೊದಲು ಸಂಡೂರಿನವರಿಗೆ, ಆಮೇಲೆ ಯಾರು ಬಂದರೆ ಅವರಿಗೆ.

ಕಮಿಟಿ ಸಭೆ ಸೇರಿತು. ಅಧ್ಯಕ್ಷರು ಮೇಜು ಗುದ್ದಿದರು.

“ಮಾಸ್ತರು ಏನ್ ಮಾಡ್ತಿದ್ರು? ಮನಿಮನಿಗೆ ಹೋಗಿ ಚಹಾ ಕುಡೀತಿದ್ರು. ಇವ್ರು ಕುಡೀತಾರೇನು? ಇಲ್ಲ. ಮತ್ತ ಹ್ಯಾಂಗ್ ಗೆಲ್ತೀವ್ರೀ?”

“ಸರ್, ನಾನು ಗ್ರೀನ್ ಟೀ ಮಾತ್ರ ಕುಡಿಯೋದು” ಎಂದರು ಕೋಚ್.

“ಸೆಕ್ರೆಟ್ರೀ, ಎಲ್ಲಾರ ಮನ್ಯಾಗೂ ಗ್ರೀನ್ ಟೀ ಇಡಸ್ರಿ!”

ಚಹಾ ಪದ್ಧತಿಯನ್ನು ಪುನಃ ಜಾರಿಗೆ ತರುವ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಜಗತ್ತಿನಲ್ಲಿ ಇನ್ನಾವ ಫುಟ್‌ಬಾಲ್ ಕ್ಲಬ್ಬೂ ಇಂಥ ನಿರ್ಣಯ ಮಾಡಿರಲಾರದು. ನಾನೂ ಕೈಯೆತ್ತಿದೆ. ಎತ್ತದಿದ್ದರೆ ಯಾಕೆ ಎತ್ತಲಿಲ್ಲವೆಂದು ಕೇಳಿಯಾರೆಂಬ ಹೆದರಿಕೆ.

ಮುಂದಿನದನ್ನು ಆಟಗಾರರ ತಾಯಂದಿರು ನೋಡಿಕೊಂಡರು. ಬರೀ ಚಹಾಕ್ಕೇ ಮಗ ಆಡುವುದಾದರೆ ಚಹಾದ ಜೊತೆ ಮತ್ತೊಂದಿಟ್ಟರೆ ಕ್ಯಾಪ್ಟನ್ನೇ ಆದಾನು ಎಂಬ ಲೆಕ್ಕ. ಒಂದು ಮನೆಯಲ್ಲಿ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಬಜ್ಜಿ, ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಅದರಾಚೆ ಹೋಳಿಗೆ. ಕೋಚ್ ಗ್ರೀನ್ ಟೀ ಮರೆತರು. ಚೆಂಡು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಹುಡುಗನೊಬ್ಬ ಹೋಳಿಗೆಯ ಬಲದಿಂದ ತಿಂಗಳುಗಟ್ಟಲೆ ಗೋಲಿನ ಮುಂದೆ ಕಾವಲು ನಿಲ್ಲುವ ಸೆಂಟರ್ ಬ್ಯಾಕ್ ಆಗಿ ಆಡಿದ. ಒಂದು ಪಂದ್ಯದಲ್ಲಂತೂ ನಾವು ಗೋಲು ತಿನ್ನುತ್ತಿದ್ದಾಗ ಕೋಚ್ ಬೆಂಚಿನಲ್ಲೇ ಇರಲಿಲ್ಲ. ಬೆಳಗಿನ ಮಿರ್ಚಿ ಅವರನ್ನು ಬೇರೆ ಕಡೆ ಕರೆದಿತ್ತು. ಕೊನೆಗೆ ವೈದ್ಯರ ಸಲಹೆಯ ಮೇರೆಗೆ ರಾಜೀನಾಮೆ ಕೊಟ್ಟು ಹೋದರು.

ಉಳಿದದ್ದು ಒಂದೇ ಪಂದ್ಯ, ಕಂಪ್ಲಿಯಲ್ಲಿ, ಕಂಪ್ಲಿಯವರ ಮೇಲೆ. ಡ್ರಾ ಮಾಡಿಕೊಂಡರೂ ಎ ಡಿವಿಷನ್ನಿನಲ್ಲಿ ಉಳಿಯುತ್ತೇವೆ, ಸೋತರೆ ಬಿ. ಕ್ಲಬ್ಬು ಹುಟ್ಟಿದಾಗಿನಿಂದ ಬಿ ಕಂಡಿರಲಿಲ್ಲ. “ಟೀಮ್ ನೀವೇ ಆರಿಸ್ರಿ” ಎಂದು ಅಧ್ಯಕ್ಷರು ನನಗೆ ಹೇಳಿಬಿಟ್ಟರು. “ಸೋತ್ರ ನೀವದೀರಿ, ಗೆದ್ರ ನಾವದೀವಿ. ಚಿಂತಿ ಬ್ಯಾಡ.”

ನಾನು ಪಾಪಿನಾಯಕನಹಳ್ಳಿಗೆ ಓಡಿದೆ. ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಬಾರೋ. ಬಿದ್ದುಗಿದ್ದಿಯೇನು?”

“ಇನ್ನೂ ಬಿದ್ದಿಲ್ರಿ ಸರ್. ಬೀಳೋ ಹಂಗದೀವಿ. ಇದೊಂದು ಪಂದ್ಯಕ್ಕ ಬಂದು ಚಹಾ ಕುಡೀರಿ ಸರ್, ಕೈ ಮುಗೀತೀನಿ.”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಚಹಾದ ಹೆಸರು ಎತ್ತಬ್ಯಾಡ್ರಿ! ಸಕ್ಕರಿ ಕಾಯಿಲಿ ಅದ ಅವ್ರಿಗೆ. ಮನ್ಯಾಗ ನಾ ಸಕ್ಕರಿ ಬಂದ್ ಮಾಡಿದ್ದಕ್ಕ ಮ್ಯಾಚ್ ನೆಪ ಮಾಡಿ ಊರೆಲ್ಲ ಕುಡ್ಕೋಂತ ತಿರಗ್ಯಾರ. ನಂಗೇನ್ ಗೊತ್ತಿಲ್ಲಂತ ತಿಳ್ಕೊಂಡಾರ.”

ಮಾಸ್ತರರು ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ನಕ್ಕರು. “ಆಟಗಾರರ ಮನ್ಯಾಗ ಸಕ್ಕರಿ ಭಾಳ ಹಾಕ್ತಾರಲೇ. ಮಸ್ತ್ ಇರ್ತಿತ್ತು.”

ನಮ್ಮ ಕ್ಲಬ್ಬಿನ ಸುವರ್ಣಯುಗ ನಿಂತದ್ದು ಸಕ್ಕರೆ ಕಾಯಿಲೆಯ ಮೇಲೆ ಎಂದಾಯಿತು. “ಹಂಗಾದ್ರ ಟೀಮು?” ಎಂದೆ.

“ಟೀಮು ಹಿಂದಿನ ದಿನ ಪ್ರಾಕ್ಟೀಸ್‌ನ್ಯಾಗ ಆಗಿರ್ತಿತ್ತು. ಅದಕ್ಯಾಕ ಚಹಾ? ನಾ ಖರೇ ಅಂದ್ರ ಹೋಗ್ತಿದ್ದದ್ದು ಆಡದವ್ರ ಮನಿಗೆ. ಇವತ್ತು ನೀ ಇಲ್ಲಪಾ, ಇಂಥಾದ್ದಕ್ಕ ಇಲ್ಲ ಅಂತ ಅವ್ನ ಮುಖಾ ನೋಡಿ ಹೇಳ್ಬೇಕು. ಗ್ರೌಂಡಿನ್ಯಾಗ ನಾಕ್ ಮಂದಿ ಮುಂದ ಹೇಳಬಾರ್ದು. ಮನಿಗೆ ಹೋಗಿ ಹೇಳಿದ್ರ ಸಂಜಿಗೆ ಬೆಂಚಿಗೆ ಬಂದು ಕುಂದ್ರತಾನ, ಮುಂದಿನ ವಾರ ಜೀವಾ ಕೊಟ್ಟು ಆಡ್ತಾನ.”

“ಮತ್ತ ಅಲ್ಲಿ ಬರೇ ನೀರು ಯಾಕ್ರಿ?”

“ಮಗನ್ನ ಬಿಟ್ಟೀನಿ ಅಂತ ಹೇಳಿ ಅವ್ರ ಮನಿ ಚಹಾ ಹ್ಯಾಂಗ್ ಕುಡೀಲೋ?” ಎಂದರು. ಬರಲು ಒಪ್ಪಲಿಲ್ಲ. “ನೀನೇ ಹೋಗು. ಆಡೋರ ಮನಿ ಬಿಟ್ಟುಬಿಡು, ನಡೀತದ. ಆಡದವ್ರ ಮನಿ ಮಾತ್ರ ತಪ್ಪಿಸ್ಬ್ಯಾಡ.”

ಇಷ್ಟು ಸ್ಪಷ್ಟವಾದ ಉಪದೇಶವನ್ನು ಹಾಳು ಮಾಡಲು ವಿಶೇಷ ಪ್ರತಿಭೆ ಬೇಕು.

ಪಂದ್ಯದ ದಿನ ಬೆಳಿಗ್ಗೆ ಸ್ಕೂಟರ್ ಹತ್ತಿದೆ. ಯಾರನ್ನು ಬಿಡಬೇಕೆಂದು ಗೋಲ್‌ಕೀಪರ್ ಜೊತೆ ಕೂತು ಮೊದಲೇ ನಿಶ್ಚಯಿಸಿದ್ದೆ. ಅವನೇ ನಮ್ಮ ಕ್ಯಾಪ್ಟನ್. ತಂಡದಲ್ಲಿ ಎಲ್ಲರಿಗಿಂತ ಹಿರಿಯ. ಮೊದಲು ಹೋದದ್ದು ಹೋಳಿಗೆಯ ಸೆಂಟರ್ ಬ್ಯಾಕ್ ಮನೆಗೆ. ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡೆ.

“ಯಾಕ್ರೀ ಅಣ್ಣಾರ, ಬಾಗಿಲದಾಗ ನಿಂತ್ರಿ?” ಎಂದಳು ಅವನ ತಾಯಿ. ಮುಖದ ಬಣ್ಣ ಆಗಲೇ ಇಳಿಯುತ್ತಿತ್ತು. ಹಿಂದೆ ಹುಡುಗ ಬೂಟಿಗೆ ಪಾಲಿಶ್ ಹಚ್ಚುತ್ತ ಕುಳಿತಿದ್ದ. “ಬರ್ರಿ, ಕುಂದ್ರಿ.”

ಸಾವಿನ ಬಗ್ಗೆ ಆರಾಮಾಗಿ ಮಾತಾಡುವ ನನ್ನ ನಾಲಗೆ ಬೆಂಚಿನ ಬಗ್ಗೆ ಏಳಲೇ ಇಲ್ಲ. ಹೋದೆ, ಕುಳಿತೆ, ಕುಡಿದೆ. ಮುಂದಿನ ಮನೆಯಲ್ಲಿ ಖಂಡಿತ ಹೇಳುತ್ತೇನೆ ಎಂದುಕೊಂಡೆ. ಅಲ್ಲಿ ಹುಡುಗನ ಅಜ್ಜಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಅದರ ಮುಂದಿನ ಮನೆಯಲ್ಲಿ ಯಾರೂ ಕೈ ಹಿಡಿಯಲಿಲ್ಲ. ನಾನೇ ಹೋಗಿ ಕುಳಿತೆ. ಹೀಗೆ ಬಿಡಬೇಕಾದವರ ಮನೆಗಳಲ್ಲೆಲ್ಲ ಚಹಾ ಕುಡಿದೆ. ಆಡುವವರ ಮನೆ ಬಿಟ್ಟರೆ ಅವರೇನು ತಿಳಿದಾರೋ ಎಂದು ಹೆದರಿ ಅಲ್ಲಿಯೂ ಕುಡಿದೆ.

ಸಂಜೆ ಕಂಪ್ಲಿಯ ಮೈದಾನದಲ್ಲಿ ಟೆಂಪೋ ಇಳಿದ ಪ್ರತಿಯೊಬ್ಬನೂ ಬೂಟು ಬಿಗಿದು, ತಲೆ ಬಾಚಿ, ಆಡುವ ಹನ್ನೊಂದರಲ್ಲಿ ತಾನೊಬ್ಬನೆಂದು ಎದೆಯುಬ್ಬಿಸಿ ನಿಂತಿದ್ದ.

“ಹೊಸಪ್ಯಾಟಿ ಟೀಮ್ ಬಂತಲೇ!” ಎಂದು ಕಂಪ್ಲಿಯವನೊಬ್ಬ ಕೂಗಿದ. “ಜಲ್ದಿ ಎಣಸ್ರಲೇ, ಅರ್ಧ ಊರು ಬಂದೈತಿ!”

ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ. “ಸರ್, ಒಬ್ರ ಮನ್ಯಾಗೂ ನೀರು ಕುಡೀಲಿಲ್ಲೇನ್ರಿ?”

“ಬಾಯಾರಿರಲಿಲ್ಲ” ಎಂದೆ.

ರೆಫರಿ ಸೀಟಿ ಊದಿ ಅವಸರ ಮಾಡುತ್ತಿದ್ದರು. ನಾನು ಹೇಳಬೇಕಾದದ್ದನ್ನು ಕ್ಯಾಪ್ಟನ್ನೇ ಎಲ್ಲರೆದುರು ಹೇಳಿದ: “ನೀ ಕುಂದ್ರು, ನೀ ಕುಂದ್ರು, ನೀನೂ.” ಕಂಪ್ಲಿಯ ಜನ ಒಬ್ಬೊಬ್ಬ ಕೂತಾಗಲೂ ಚಪ್ಪಾಳೆ ತಟ್ಟಿದರು. ಸೆಂಟರ್ ಬ್ಯಾಕ್ ಬೆಂಚಿಗೆ ಬರಲಿಲ್ಲ. ನೇರವಾಗಿ ನಮ್ಮ ಗೋಲಿನ ಹಿಂದೆ ಹೋಗಿ ಕೈ ಕಟ್ಟಿಕೊಂಡು ನಿಂತ.

ಎದುರಾಳಿಗಳೂ ಅಂಥ ಆಟಗಾರರೇನಲ್ಲ. ಬಹಳ ಹೊತ್ತು ಎರಡೂ ಕಡೆ ಗೋಲಿಲ್ಲ. ಇದೊಂದು ಸೊನ್ನೆ ಹೀಗೇ ಉಳಿಯಲಿ ಎಂದು ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಳ್ಳುತ್ತಿದ್ದೆ. ಅತ್ತ ಗೋಲು ಕಾಯುತ್ತಿದ್ದ ಕ್ಯಾಪ್ಟನ್ನನ್ನು ಹಿಂದಿನಿಂದ ಸೆಂಟರ್ ಬ್ಯಾಕ್ ಕೇಳುತ್ತಲೇ ಇದ್ದ: “ಮುಂಜಾನಿ ಸೆಕ್ರೆಟ್ರಿ ಸರ್ ನಮ್ಮನ್ಯಾಗ ಚಹಾ ಕುಡದು ಹೋದ್ರಲ್ಲ, ಯಾಕಣ್ಣಾ? ನಮ್ಮವ್ವಗ ಏನ್ ಹೇಳ್ಲಿ?” ಕ್ಯಾಪ್ಟನ್ ಒಳ್ಳೆಯವನು. ಕೇಳಿಕೇಳಿ ತಡೆಯಲಾರದೆ ಹಿಂದೆ ತಿರುಗಿದ. “ನಿನ್ನ ಮ್ಯಾಲ ಸಿಟ್ಟಿಲ್ಲೋ ಮಾರಾಯಾ, ನೀ ಚೆಂಡು ಬಂದ್ರ ಸರದು...” ಎಂದು ಕಾರಣ ವಿವರಿಸುತ್ತಿದ್ದಾಗ ಚೆಂಡು ಅವನ ಪಕ್ಕದಿಂದ, ಹೆಚ್ಚಿನ ಅವಸರವೇನೂ ಇಲ್ಲದೆ, ಉರುಳಿಕೊಂಡು ಒಳಗೆ ಹೋಯಿತು. ಪಂದ್ಯದಲ್ಲಿ ಬಿದ್ದದ್ದು ಅದೊಂದೇ ಗೋಲು.

ನಾವು ಬಿ ಡಿವಿಷನ್ನಿಗೆ ಬಿದ್ದೆವು. ಸೋತರೆ ನೀವು ಎಂದಿದ್ದ ಅಧ್ಯಕ್ಷರು ಸೋತ ಮೇಲೆ ಸೋಲನ್ನೂ ನನಗೆ ಬಿಟ್ಟುಕೊಡಲಿಲ್ಲ. ಸ್ಥಳೀಯ ಪತ್ರಿಕೆಯವರೊಬ್ಬರು ಮೈಕು ಹಿಡಿದಾಗ, “ಹೊಸ ಪ್ರತಿಭೆಗಳಿಗೆ ಅವಕಾಶ ಕೊಡಲೆಂದು ಕ್ಲಬ್ಬು ಸ್ವಯಂಪ್ರೇರಣೆಯಿಂದ ಬಿ ಡಿವಿಷನ್ ಆಯ್ದುಕೊಂಡಿದೆ” ಎಂದು ಘೋಷಿಸಿ ಕಾರು ಹತ್ತಿದರು.

ವಾಪಸು ಬರುವಾಗ ಟೆಂಪೋದಲ್ಲಿ ಎರಡು ಪಂಗಡವಾಗಿತ್ತು. ಆಡಿದವರು ಒಂದು ಕಡೆ, ಆಡದವರು ಒಂದು ಕಡೆ, ನಡುವೆ ಬ್ಯಾಂಡೇಜಿನ ಚೀಲ ಹಿಡಿದು ನಾನು. ಭತ್ತದ ಗದ್ದೆಗಳನ್ನು ದಾಟಿದ ಮೇಲೆ ಸೆಂಟರ್ ಬ್ಯಾಕ್ ನಿಧಾನವಾಗಿ ನನ್ನ ಕಡೆ ಸರಿದ. ಬೈಯುತ್ತಾನೆಂದು ಮೈ ಗಟ್ಟಿ ಮಾಡಿಕೊಂಡೆ.

“ಸರ್, ಬಿ ಡಿವಿಷನ್‌ದಾಗಾದ್ರೂ ನಂಗ ಚಾನ್ಸ್ ಕೊಡ್ತೀರೇನ್ರಿ?”

ಇಲ್ಲಪಾ, ನೀನು ಮೊದಲು ಚೆಂಡಿಗೆ ಎದುರು ನಿಲ್ಲುವುದನ್ನು ಕಲಿ ಎಂದು ಮುಖ ನೋಡಿ ಹೇಳಬೇಕಿತ್ತು. ನಾಕು ಮಂದಿಯ ಮುಂದೆ ಬೇಡವೆಂದರೆ ನಾಳೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತಾದರೂ ಹೇಳುತ್ತೇನೆಂದು ನಿಶ್ಚಯಿಸಬೇಕಿತ್ತು. ಮುಖ ನೋಡಿದೆ. “ಕೊಡ್ತೀನಪಾ” ಎಂದೆ.

ಅವನ ಪಕ್ಕದವನು ಕೇಳಿಸಿಕೊಂಡ. ಅವನೂ ಸರಿದು ಕೂತ. ಹೊಸಪೇಟೆ ಬರುವಷ್ಟರಲ್ಲಿ ಟೆಂಪೋದಲ್ಲಿದ್ದ ಎಲ್ಲರಿಗೂ, ಅವರ ಜೊತೆ ಫುಟ್‌ಬಾಲ್ ಎಂದೂ ಆಡದ ಟೆಂಪೋ ಡ್ರೈವರಿಗೂ, ಮುಂದಿನ ಸೀಸನ್ನಿನ ಮೊದಲ ಪಂದ್ಯದಲ್ಲಿ ಜಾಗ ಕೊಟ್ಟಿದ್ದೆ.